ತುಮಕೂರಿನಲ್ಲಿ ಮನೆಗೆ ನೆಟ್ ಹಾಕಿಸುತ್ತಿದ್ದೀರಾ? ವರ್ಷದ ದುಡ್ಡು ಒಟ್ಟಿಗೆ ಕಟ್ಟಬೇಡಿ

ನಿಮ್ಮ ಬೀದಿಯ ಕೇಬಲ್‌ನವರು ಬಂದು "ವರ್ಷದ್ದು ಒಟ್ಟಿಗೆ ಕಟ್ಬಿಡಿ, ಎರಡು ತಿಂಗಳು ಫ್ರೀ, ಇನ್‌ಸ್ಟಲೇಶನ್ನೂ ಫ್ರೀ" ಅಂದರೆ, ಆ ಎರಡು ತಿಂಗಳ ಆಸೆ ಬಿಡಿ. ತಿಂಗಳು ತಿಂಗಳು ಕಟ್ಟುವ ಪ್ಲಾನನ್ನೇ ತಗೊಳ್ಳಿ. ದುಡ್ಡು ಮೊದಲೇ ಕೈ ಸೇರಿದ ಮೇಲೆ ಕಂಬ ಹತ್ತುವ ಉತ್ಸಾಹ ಯಾರಿಗೂ ಇರುವುದಿಲ್ಲ. ನಮ್ಮನೆಯಲ್ಲಿ ಆದದ್ದನ್ನು ಬರೆಯುತ್ತಿದ್ದೇನೆ. ದೂರು ಇನ್ನೂ ನಡೆಯುತ್ತಿರುವುದರಿಂದ ಹೆಸರು ಹಾಕುವುದಿಲ್ಲ. ಇವರು ಆಡುವ ಆಟ ಗೊತ್ತಿದ್ದರೆ ಹೆಸರು ಯಾವುದಾದರೇನು, ನಿಮಗೇ ಗುರುತು ಸಿಗುತ್ತದೆ.

ನಮ್ಮ ಮನೆ ಶಿರಾ ಗೇಟ್ ಕಡೆ. ವಾರದಲ್ಲಿ ಎರಡು ದಿನ ರೈಲು ಹತ್ತಿ ಬೆಂಗಳೂರಿನ ಆಫೀಸಿಗೆ ಹೋಗುತ್ತೇನೆ, ಮಿಕ್ಕ ದಿನ ಮನೆಯಿಂದಲೇ ಕೆಲಸ. ಮಗನಿಗೆ ಸಂಜೆ ಆನ್‌ಲೈನ್ ಟ್ಯೂಷನ್, ಮಾವನವರಿಗೆ ಯೂಟ್ಯೂಬಿನಲ್ಲಿ ಹರಿಕಥೆ. ಹಾಕಿಸಿದ ಹೊಸದರಲ್ಲಿ ನೆಟ್ ಚೆನ್ನಾಗೇ ಇತ್ತು. ಮಳೆಗಾಲ ಶುರುವಾದ ಮೇಲೆ ಕೈ ಕೊಡತೊಡಗಿತು. ಪೂರ್ತಿ ಹೋಗಿದ್ದರೆ ಬಂದು ಸರಿ ಮಾಡುತ್ತಿದ್ದರೋ ಏನೋ. ಇದು ಹೋಗಿ ಬರುವ ಕಾಯಿಲೆ. ಮೀಟಿಂಗಿನ ಮಧ್ಯೆ ಎಲ್ಲರ ಮುಖ ಇದ್ದಲ್ಲೇ ನಿಲ್ಲುವುದು, ಅರ್ಧ ನಿಮಿಷಕ್ಕೆ ಮತ್ತೆ ಅಲ್ಲಾಡುವುದು. ಅಷ್ಟರಲ್ಲಿ ಮ್ಯಾನೇಜರ್ ನನ್ನ ಹೆಸರು ಕೂಗಿ ಮುಂದಿನವರಿಗೆ ಹೋಗಿರುತ್ತಿದ್ದರು.

ಫೋನ್ ಮಾಡಿದರೆ "ರೂಟರ್ ಆಫ್ ಮಾಡಿ ಆನ್ ಮಾಡಿ ಅಕ್ಕ" ಎನ್ನುವುದೊಂದೇ ಮಂತ್ರ. ಬಹಳ ಸಲ ಕಾಡಿಸಿದ ಮೇಲೆ ಹುಡುಗನೊಬ್ಬ ಬಂದ. ರೂಟರ್ ಪಕ್ಕಕ್ಕೇ ನಿಂತು ತನ್ನ ಮೊಬೈಲಿನಲ್ಲಿ ಸ್ಪೀಡ್ ಟೆಸ್ಟ್ ಒತ್ತಿದ. 94 ಎಂಬಿಪಿಎಸ್ ತೋರಿಸಿತು, ನಮ್ಮದು 100ರ ಪ್ಲಾನ್. "ನೋಡಿ ಸಾರ್, ನಮ್ ಕಡೆಯಿಂದ ಫುಲ್ ಬರ್ತಿದೆ. ನಿಮ್ಮನೆ ಗೋಡೆ ದಪ್ಪ, ಅದಕ್ಕೇ ವೈಫೈ ವೀಕು" ಅಂದ. ಕಂಪ್ಲೇಂಟ್ ಕೊಟ್ಟವಳು ನಾನು, ಅವನು ವಿವರಿಸಿದ್ದು ಈಸಿಚೇರಿನಲ್ಲಿದ್ದ ಮಾವನವರಿಗೆ. ಅವರು ತಲೆಯಾಡಿಸಿದರು.

ಗೋಡೆಯ ಮಾತು ಪೂರ್ತಿ ಸುಳ್ಳಲ್ಲ. ವೈಫೈಯಲ್ಲಿ 2.4 ಗಿಗಾಹರ್ಟ್ಜ್, 5 ಗಿಗಾಹರ್ಟ್ಜ್ ಅಂತ ಸಾಮಾನ್ಯವಾಗಿ ಎರಡು ಬ್ಯಾಂಡ್, ಅಂದರೆ ಸಿಗ್ನಲ್ ಓಡುವ ಎರಡು ದಾರಿ, ಇರುತ್ತವೆ. 5ರದ್ದು ವೇಗ ಜಾಸ್ತಿ, ಆದರೆ ಗೋಡೆ ದಾಟುವಷ್ಟರಲ್ಲಿ ಸುಸ್ತಾಗುತ್ತದೆ. 2.4 ದೂರ ಹೋಗುತ್ತದೆ, ಆದರೆ ಅಲ್ಲಿ ಒಂದಕ್ಕೊಂದು ಅಡ್ಡ ಬರದ ಚಾನೆಲ್‌ಗಳು 1, 6, 11 ಈ ಮೂರೇ. ಅಕ್ಕಪಕ್ಕದ ಮನೆಗಳ ರೂಟರ್‌ಗಳೆಲ್ಲ ಅಲ್ಲೇ ಮುಗಿಬಿದ್ದಿರುತ್ತವೆ. ಮೈಕ್ರೋವೇವ್ ಓವನ್ನೂ ಹೆಚ್ಚುಕಡಿಮೆ ಅದೇ ಜಾಗದಲ್ಲಿ ಗಲಾಟೆ ಮಾಡುತ್ತದೆ. ಎಲ್ಲ ಸರಿ, ಆದರೆ ಮಳೆ ಬಂದಾಗ ಮಾತ್ರ ಗೋಡೆ ದಪ್ಪವಾಗುತ್ತದೆಯೇ? ಆ ಪ್ರಶ್ನೆಗೆ ಅವನಲ್ಲಿ ಉತ್ತರವಿರಲಿಲ್ಲ, ಬ್ಯಾಗಿನಲ್ಲಿ ಒಂದು ಹೊಸ ರೂಟರ್ ಇತ್ತು. ಅದನ್ನು ಮಾರಿ ಹೋದ. ಅದರಿಂದಲೂ ಆಗದಿದ್ದಾಗ ಅವರ ಆಫೀಸಿನವರು "100 ನಿಮ್ಮನೆಗೆ ಸಾಲಲ್ಲ, 200ಕ್ಕೆ ಹೋಗಿ" ಎಂದು ಉಳಿದ ತಿಂಗಳುಗಳ ವ್ಯತ್ಯಾಸದ ಹಣವನ್ನೂ ಕಟ್ಟಿಸಿಕೊಂಡರು.

ಆ 200ರ ಕಥೆ ಕೇಳಿ. ಅವರು ಕೊಟ್ಟಿದ್ದ ಓಎನ್‌ಟಿ, ಅಂದರೆ ಫೈಬರ್ ಬಂದು ಸೇರುವ ಬಿಳಿ ಡಬ್ಬಿ, ಅದರ ಲ್ಯಾನ್ ಪೋರ್ಟ್ (ಕೇಬಲ್ ಸಿಕ್ಕಿಸುವ ಕಿಂಡಿ) 10/100ರದ್ದು, ಅಂದರೆ ಹೆಚ್ಚೆಂದರೆ 100ರ ವೇಗದ್ದು. ಅದರಿಂದ 95ರ ಆಸುಪಾಸಿಗಿಂತ ಹೆಚ್ಚು ಹೊರಗೆ ಬರುವುದೇ ಇಲ್ಲ. ಹೊಸ ರೂಟರನ್ನು ಅದಕ್ಕೆ ಸಿಕ್ಕಿಸಿದ ಕೇಬಲ್ಲಿನಲ್ಲೂ ಎಂಟು ವೈರುಗಳ ಪೈಕಿ ನಾಲ್ಕನ್ನೇ ಪ್ಲಗ್ಗಿಗೆ ಸೇರಿಸಿ ಕ್ರಿಂಪ್ ಮಾಡಿದ್ದ ಆ ಹುಡುಗ. ನಾಲ್ಕೇ ವೈರಿನಲ್ಲಿ ಗಿಗಾಬಿಟ್, ಅಂದರೆ 1000ದ ವೇಗ, ಓಡುವುದಿಲ್ಲ, 100ಕ್ಕೇ ನಿಲ್ಲುತ್ತದೆ. ಅಂದರೆ 200ರ ದುಡ್ಡು ಪಡೆದು 100 ಕೂಡ ದಾಟದ ವ್ಯವಸ್ಥೆ. ಪ್ಲಾನ್ ಏರಿಸಿ ಅಂತ ಯಾರಾದರೂ ಅಂದರೆ ಮೊದಲು ಡಬ್ಬಿಯ ಹಿಂದೆ ಏನು ಬರೆದಿದೆ ನೋಡಿ.

ನೀವು ರೂಟರ್ ಕೊಳ್ಳುವ ಮುಂಚೆ ಮಾಡಬೇಕಾದ ಪರೀಕ್ಷೆಗೆ ಪೈಸೆ ಖರ್ಚಿಲ್ಲ. ಲ್ಯಾಪ್‌ಟಾಪಿನಲ್ಲಿ ಕಮಾಂಡ್ ಪ್ರಾಂಪ್ಟ್ ಎರಡು ಸಲ ತೆರೆದು ಪಕ್ಕಪಕ್ಕ ಇಟ್ಟುಕೊಳ್ಳಿ. ಒಂದರಲ್ಲಿ ನಿಮ್ಮ ರೂಟರಿನ ವಿಳಾಸಕ್ಕೆ ಪಿಂಗ್ ಕೊಡಿ, ಅಂದರೆ ping ಎಂದು ಬರೆದು ಜಾಗ ಬಿಟ್ಟು ಆ ವಿಳಾಸ ಟೈಪ್ ಮಾಡಿ ಎಂಟರ್ ಒತ್ತಿ; ಅಲ್ಲಿಂದ ಉತ್ತರ ಬರುತ್ತಿದೆಯೇ ಎಂದು ತೋರಿಸುತ್ತದೆ. ಸಾಮಾನ್ಯವಾಗಿ 192.168.1.1 ಇರುತ್ತದೆ, ಇಲ್ಲದಿದ್ದರೆ ರೂಟರಿನ ಅಡಿಯ ಚೀಟಿಯಲ್ಲಿ ಸಿಗುತ್ತದೆ. ಇನ್ನೊಂದರಲ್ಲಿ ಗೂಗಲ್‌ನ 8.8.8.8ಕ್ಕೆ. ವಿಂಡೋಸ್ ಆದರೆ ಕೊನೆಗೆ ಜಾಗ ಬಿಟ್ಟು ಹೈಫನ್ ಟಿ (-t) ಸೇರಿಸಿ, ನೀವು ನಿಲ್ಲಿಸುವವರೆಗೂ ಓಡುತ್ತಿರುತ್ತದೆ. ನೆಟ್ ನಿಂತ ಗಳಿಗೆಯಲ್ಲಿ ಎರಡನ್ನೂ ನೋಡಿ. ಮೊದಲನೆಯದರಲ್ಲೇ 'ರಿಕ್ವೆಸ್ಟ್ ಟೈಮ್ಡ್ ಔಟ್' ಬಂದರೆ ತೊಂದರೆ ನಿಮ್ಮ ವೈಫೈಯದ್ದು. ರೂಟರ್ ಜಾಗ ಬದಲಿಸಿ, ಚಾನೆಲ್ ಬದಲಿಸಿ, ಬೇಕಾದರೆ ಹೊಸದು ಕೊಳ್ಳಿ. ಮೊದಲನೆಯದು ಒಂದೇ ಸಮ ಓಡುತ್ತಿದ್ದು ಎರಡನೆಯದು ಮಾತ್ರ ಸತ್ತರೆ, ಗೋಡೆಯನ್ನು ಬೈಯಬೇಡಿ. ದೋಷ ವೈಫೈಯಾಚೆ, ಅವರ ಲೈನಿನ ಕಡೆ ಇದೆ. ನಮ್ಮಲ್ಲಿ ರೂಟರಿನ ಸಾಲು ಒಂದೆರಡು ಮಿಲಿಸೆಕೆಂಡಿನಲ್ಲಿ ಓಡುತ್ತಲೇ ಇತ್ತು, ಪಕ್ಕದ ಕಿಟಕಿಯಲ್ಲಿ ಟೈಮ್ಡ್ ಔಟ್‌ಗಳ ಮೆರವಣಿಗೆ. ಅದರ ಫೋಟೊ ತೆಗೆದಿಟ್ಟುಕೊಂಡೆ. ಈಗ ದೂರಿನ ಜೊತೆ ಅದೇ ಹೋಗಿದೆ.

ನಿಜವಾದ ಕಾರಣ ಹಿಡಿದದ್ದು ಗೌರಿ ಹಬ್ಬಕ್ಕೆ ಬಂದಿದ್ದ ನನ್ನ ತಮ್ಮ, ಚಿಕ್ಕಪ್ಪನ ಮಗ. ಬೆಂಗಳೂರಿನಲ್ಲಿ ಫೈಬರ್ ಸ್ಪ್ಲೈಸಿಂಗ್, ಅಂದರೆ ತುಂಡಾದ ಫೈಬರ್ ಬೆಸೆಯುವ ಕೆಲಸ ಅವನದು. ಊಟಕ್ಕೆ ಎಲೆ ಹಾಕುವಷ್ಟರಲ್ಲಿ ಲ್ಯಾಪ್‌ಟಾಪಿನಲ್ಲಿ ಓಎನ್‌ಟಿಯ ಸೆಟ್ಟಿಂಗ್ಸ್ ಪುಟ ತೆರೆದು ಆಪ್ಟಿಕಲ್ ಪವರ್ ಅನ್ನುವ ಸಾಲು ತೋರಿಸಿದ. ಮೈನಸ್ 29 ಚಿಲ್ಲರೆ ಡಿಬಿಎಂ. ಡಿಬಿಎಂ ಅಂದರೆ ಡಬ್ಬಿಗೆ ಬರುವ ಬೆಳಕಿನ ಬಲದ ಅಳತೆ, ಮೈನಸ್ ಮುಂದಿನ ಅಂಕಿ ದೊಡ್ಡದಾದಷ್ಟೂ ಬೆಳಕು ಕಡಿಮೆ. "ಅಕ್ಕ, ಮೈನಸ್ 27 ದಾಟಿದ್ರೆ ಈ ಡಬ್ಬಿಗೆ ಬೆಳಕು ಓದೋಕೇ ಕಷ್ಟ. 25ರ ಒಳಗಿದ್ರೆ ನೆಮ್ಮದಿ" ಅಂದ. ಮೂರು ಡಿಬಿ ಕಡಿಮೆಯಾದರೆ ಬೆಳಕು ಅರ್ಧಕ್ಕಿಳಿದ ಹಾಗೆ ಲೆಕ್ಕವಂತೆ.

ಆಮೇಲೆ ಅವನು ತಂತಿಯ ದಾರಿ ಹಿಡಿದು ನಡೆದ. ಕಿಟಕಿಯ ಸರಳಿಗೆ ಫೈಬರನ್ನು ಚೂಪಾಗಿ ಮಡಿಸಿ ಟ್ಯಾಗ್‌ನಿಂದ ಬಿಗಿದಿದ್ದರು. ಒಳಗಿರುವುದು ಗಾಜಿನ ಎಳೆ, ಹಾಗೆ ಮಡಿಸಿದರೆ ಬೆಳಕು ತಿರುವಿನಲ್ಲೇ ಸೋರಿಹೋಗುತ್ತದೆ. ಅದನ್ನು ಬಿಚ್ಚಿ ಅಗಲವಾಗಿ ಸುತ್ತಿದ ಕೂಡಲೇ ಅಂಕಿ ಸ್ವಲ್ಪ ಸುಧಾರಿಸಿತು. ದೊಡ್ಡ ಪಾಪ ಇದ್ದದ್ದು ಬೀದಿ ಕಂಬದಲ್ಲಿ. ರಸ್ತೆ ಅಗೆದಾಗ ತುಂಡಾಗಿದ್ದ ತಂತಿಯನ್ನು ಮತ್ತೆ ಸೇರಿಸಿ, ಜಾಯಿಂಟ್ ಬಾಕ್ಸ್ ಹಾಕದೆ, ಕಪ್ಪು ಇನ್ಸುಲೇಶನ್ ಟೇಪ್ ಸುತ್ತಿ ನೇತುಬಿಟ್ಟಿದ್ದರು. ಟೇಪ್ ಬಾಯಿ ಬಿಟ್ಟಿತ್ತು, ಒಳಗೆ ನೀರು. ಕಂಬದ ಮೇಲಿನದನ್ನು ನಾವು ಮುಟ್ಟುವ ಹಾಗಿಲ್ಲ, ನೀವೂ ಮುಟ್ಟಬೇಡಿ, ಕರೆಂಟ್ ಲೈನೂ ಅಲ್ಲೇ ಇರುತ್ತದೆ. ಫೋಟೊ ಕಳಿಸಿದೆವು. "ನಾಳೆ ಬರ್ತಾರೆ" ಅಂದರು. ಆ ನಾಳೆ ನಮ್ಮ ಬೀದಿಗೆ ಬರಲೇ ಇಲ್ಲ.

ಇನ್ನೊಂದು ಸಂಗತಿ. ಬೆಸ್ಕಾಂ ಕರೆಂಟ್ ಹೋದಾಗ ನಮ್ಮ ಯುಪಿಎಸ್‌ನಲ್ಲಿ ರೂಟರ್ ಉರಿಯುತ್ತಿದ್ದರೂ ಡಬ್ಬಿಯಲ್ಲಿ ಎಲ್‌ಓಎಸ್ ಕೆಂಪು ದೀಪ, ಅಂದರೆ ಫೈಬರಿನಲ್ಲಿ ಸಿಗ್ನಲ್ ಇಲ್ಲ ಅನ್ನುವ ದೀಪ, ಬರುತ್ತಿತ್ತು. ಒಂದು ಫೈಬರಿನ ಬೆಳಕನ್ನು ಹಲವು ಮನೆಗೆ ಹಂಚಲು ದಾರಿಯಲ್ಲಿರುವ ಸ್ಪ್ಲಿಟರ್‌ಗಳಿಗೆ ಕರೆಂಟ್ ಬೇಡ, ಆದರೆ ಆ ಬೆಳಕು ಕಳಿಸುವ, ಕೇಬಲ್‌ನವರ ಅಂಗಡಿಯ ಓಎಲ್‌ಟಿ ಯಂತ್ರಕ್ಕೆ ಬೇಕೇ ಬೇಕು. ಅಲ್ಲಿ ಬ್ಯಾಟರಿ ಸತ್ತಿದ್ದರೆ ನಿಮ್ಮನೆಯಲ್ಲಿ ಎಂಥ ಯುಪಿಎಸ್ ಇದ್ದರೂ ಪ್ರಯೋಜನವಿಲ್ಲ. ಹಾಕಿಸುವ ಮುಂಚೆ ಕೇಳಿ: "ಕರೆಂಟ್ ಹೋದ್ರೆ ನಿಮ್ಮಲ್ಲಿ ಎಷ್ಟು ಹೊತ್ತು ಬ್ಯಾಕಪ್?" ಉತ್ತರ ತೊದಲಿದರೆ ಮುಂದಿನವರನ್ನು ನೋಡಿ.

ಬಿಡೋಣ ಅಂತ ಉಳಿದ ತಿಂಗಳ ಹಣ ಕೇಳಿದಾಗ ನಿಜವಾದ ಬಣ್ಣ ಬಯಲಾಯಿತು. "ಆಫರ್ ಪ್ಲಾನ್‌ಗೆ ರೀಫಂಡ್ ಇಲ್ಲ ಮೇಡಂ." ಅಲ್ಲಿಯತನಕ ಅಕ್ಕ, ದುಡ್ಡು ಕೇಳಿದ ಕೂಡಲೇ ಮೇಡಂ. ನಮ್ಮಿಂದ ಹಣ ಹೋಗಿದ್ದದ್ದು ಕಂಪನಿಗಲ್ಲ, ಒಬ್ಬನ ಸ್ವಂತ ಫೋನ್‌ಪೇ ನಂಬರಿಗೆ. ಬಿಲ್ ಕೊಟ್ಟಿರಲಿಲ್ಲ. ಬ್ರಾಡ್‌ಬ್ಯಾಂಡಿಗೆ 18% ಜಿಎಸ್‌ಟಿ ಇದೆ. 500ರ ಪ್ಲಾನಿಗೆ 590 ಆಗುತ್ತದೆ. "ಬಿಲ್ ಬೇಡ ಅಂದ್ರೆ ಜಿಎಸ್‌ಟಿ ಉಳಿಯುತ್ತೆ" ಅನ್ನುವವರ ಹತ್ತಿರ ಉಳಿಯುವುದು ನೀವು ಅವರ ಗ್ರಾಹಕರು ಅನ್ನುವುದಕ್ಕೆ ಇರಬೇಕಾದ ಸಾಕ್ಷಿ. ಬಿಲ್ಲಿನಲ್ಲಿ ಲೈಸೆನ್ಸ್ ಇರುವ ಕಂಪನಿಯ ಹೆಸರಿರಲಿ, ಹಣ ಅದೇ ಹೆಸರಿಗೆ ಹೋಗಲಿ.

ದೂರನ್ನೂ ವಾಟ್ಸಾಪಿನಲ್ಲಿ ಆ ಹುಡುಗನಿಗೆ ಹೇಳಿ ಸುಮ್ಮನಾಗಬೇಡಿ, ಕಂಪನಿಯ ಕಂಪ್ಲೇಂಟ್ ಸೆಂಟರಿಗೆ ಹೇಳಿ ಡಾಕೆಟ್ ನಂಬರ್ (ದೂರಿನ ಸಂಖ್ಯೆ) ಪಡೆಯಿರಿ. ಟೆಲಿಕಾಂ ನಿಯಂತ್ರಣ ಸಂಸ್ಥೆ ಟ್ರಾಯ್‌ನ 2012ರ ನಿಯಮದ ಪ್ರಕಾರ ಅಲ್ಲಿ ಬಗೆಹರಿಯದಿದ್ದರೆ ಅದೇ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಹೋಗಬಹುದು, ಅದಕ್ಕೆ ಶುಲ್ಕವಿಲ್ಲ. ಡಾಕೆಟ್ ನಂಬರ್ ಇಲ್ಲದೆ ಆ ಬಾಗಿಲು ತೆರೆಯುವುದೇ ಕಷ್ಟ. ನಾನು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೂ ದೂರು ಕೊಟ್ಟಿದ್ದೇನೆ. ಅಲ್ಲೂ ಆಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗ. ಟೆಲಿಕಾಂ ಸೇವೆಯ ದೂರನ್ನು ಗ್ರಾಹಕ ಆಯೋಗಗಳು ಕೇಳಬಹುದೆಂದು ಸುಪ್ರೀಂ ಕೋರ್ಟ್ 2022ರಲ್ಲೇ ಹೇಳಿದೆ, 5 ಲಕ್ಷದವರೆಗಿನ ವ್ಯವಹಾರಕ್ಕೆ ಅಲ್ಲಿ ಶುಲ್ಕವೂ ಇಲ್ಲ.

ಹಾಗಾದರೆ ಯಾರದ್ದು ಹಾಕಿಸುವುದು? ಎಲ್ಲರೂ ಕೇಳುವುದು ಇದನ್ನೇ. ನನ್ನ ಅನುಭವದಲ್ಲಿ ಜಾಹೀರಾತಿನ ಹೆಸರಿಗಿಂತ ನಿಮ್ಮ ಬೀದಿಯ ಕಂಬ ನೋಡಿಕೊಳ್ಳುವವರು ಯಾರು ಅನ್ನುವುದೇ ಮುಖ್ಯ. ಬಿಎಸ್‌ಎನ್‌ಎಲ್ ಫೈಬರ್ ಕೂಡ ಎಷ್ಟೋ ಕಡೆ ಸ್ಥಳೀಯ ಪಾಲುದಾರರ ಕೈಯಲ್ಲೇ ನಡೆಯುತ್ತದೆ. ಹಾಗಾಗಿ ಒಂದೇ ಕಂಪನಿಯದ್ದು ಬಟವಾಡಿಯಲ್ಲಿ ಚೆನ್ನಾಗಿದ್ದು ಮರಳೂರಿನಲ್ಲಿ ಕೆಟ್ಟಿರಬಹುದು. ಅದೇ ಸಾಲಿನ ನಾಲ್ಕಾರು ಮನೆಯವರನ್ನು ಸಂಜೆ ಎಂಟು ಗಂಟೆಯ ನೆಟ್ ಬಗ್ಗೆ ಕೇಳಿ. ಬೆಳಿಗ್ಗೆ ಹತ್ತಕ್ಕೆ ಎಲ್ಲರದ್ದೂ ಚೆನ್ನಾಗಿರುತ್ತದೆ. ಜಿಯೋ, ಏರ್‌ಟೆಲ್ 2023ರಲ್ಲಿ ತಂದ ಏರ್‌ಫೈಬರ್‌ಗಳಿಗೆ ಬೀದಿಯ ತಂತಿಯ ಗೊಡವೆ ಇಲ್ಲ, ತಾರಸಿ ಮೇಲಿನ ಪೆಟ್ಟಿಗೆ ಟವರಿನಿಂದಲೇ ಸಿಗ್ನಲ್ ಹಿಡಿಯುತ್ತದೆ. ಫೈಬರ್ ಬಾರದ ಹೊಸ ಬಡಾವಣೆಗೆ ಒಳ್ಳೆಯದೇ. ಆದರೆ ಅಕ್ಕಪಕ್ಕದ ಮೊಬೈಲುಗಳೂ ಟವರನ್ನು ಹಂಚಿಕೊಳ್ಳುವುದರಿಂದ, ಮೊದಲು ಅದೇ ಕಂಪನಿಯ 5ಜಿ ಸಿಮ್ ಇರುವ ಮೊಬೈಲನ್ನು ರಾತ್ರಿ ತಾರಸಿಗೆ ಒಯ್ದು ನೋಡಿ. ತಿಂಗಳ ಡೇಟಾ ಮಿತಿ ಎಷ್ಟು, ದಾಟಿದರೆ ವೇಗ ಎಷ್ಟಕ್ಕಿಳಿಯುತ್ತದೆ ಎಂದೂ ಕೇಳಿ. ನಾವೀಗ ಬೇರೆ ಫೈಬರ್ ಹಾಕಿಸಿದ್ದೇವೆ, ತಿಂಗಳ ಪ್ಲಾನ್. ಹಾಕಿದ ದಿನವೇ ಡಿಬಿಎಂ ಎಷ್ಟು ತೋರಿಸಿ ಅಂದೆ. ಆ ಹುಡುಗ ಮುಖ ನೋಡಿದ, ಆದರೆ ತೋರಿಸಿದ. ಮೈನಸ್ 21. ಹಳೆಯ ಗೋಡೆ, ಅವರು ಮಾರಿದ ಅದೇ ರೂಟರ್, ನೆಟ್ ನಿಂತಿಲ್ಲ.

ಹಳೆಯವರು ಈಗ ಓಎನ್‌ಟಿ ಡಬ್ಬಿ ವಾಪಸ್ ಕೇಳುತ್ತಿದ್ದಾರೆ, ಕೊಡದಿದ್ದರೆ ಡೆಪಾಸಿಟ್ ಹಿಡಿಯುತ್ತಾರಂತೆ. ಕೊಡುತ್ತೇನೆ, ಆದರೆ ಡಬ್ಬಿ, ಅಡಾಪ್ಟರ್ ಎರಡೂ ಬಂತು ಎಂದು ಸೀರಿಯಲ್ ನಂಬರ್ ಸಮೇತ ಬರೆದು ಸಹಿ ಹಾಕಿದ ಮೇಲೆ. ನೀವು ಕನೆಕ್ಷನ್ ಬಿಡುವಾಗಲೂ ಬಾಗಿಲಿಗೆ ಬಂದವನ ಕೈಗೆ ಹಾಗೇ ಕೊಟ್ಟುಬಿಡಬೇಡಿ.