ಲಿಸ್ಬನ್ ಟು ರೋಮ್, ಮಡಿಕೇರಿ ಟ್ರಾವೆಲ್ಸ್ ಪ್ಲಾನ್: 3 ಸ್ಟಾರ್ ಅಷ್ಟೇ

ಕಾಫಿ ಕೊಯ್ಲು ಮುಗಿಸ್ಕೊಂಡು ಏಪ್ರಿಲ್‌ನಲ್ಲಿ ಲಿಸ್ಬನ್‌ನಿಂದ ರೋಮ್ ತನಕ ಕಾರಲ್ಲೇ ಹೋಗೋಣ ಅಂತ ಮಡಿಕೇರಿಯ ಒಂದು ಟ್ರಾವೆಲ್ಸ್‌ನವ್ರ ಹತ್ರ ಪ್ಲಾನ್ ಮಾಡಿಸಿದ್ವಿ. ಷೆಂಗೆನ್ ವೀಸಾ ಪೇಪರ್ಸ್ ನೀಟಾಗಿತ್ತು, ಆರ್‌ಟಿಓದಲ್ಲಿ ಇಂಟರ್‌ನ್ಯಾಷನಲ್ ಡ್ರೈವಿಂಗ್ ಪರ್ಮಿಟ್ ಮಾಡಿಸ್ಕೊಳ್ಳಿ ಅಂತ ಅವ್ರೇ ನೆನಪಿಸಿದ್ರು. ಆದ್ರೆ ರೂಟ್ ಸುಮ್ನೆ ಗೀಚಿದ್ದು, ಮ್ಯಾಡ್ರಿಡ್‌ನಿಂದ ಬಾರ್ಸಿಲೋನಾ 600 ಕಿಲೋಮೀಟರ್‌ಗೂ ಜಾಸ್ತಿ, ಅದನ್ನ ಮಧ್ಯಾಹ್ನ ಊಟ ಆದ್ಮೇಲೆ ಹೊರಡಿ ಅಂತ ಹಾಕಿದಾರೆ! ಇಟಲಿಯ ಹಳೇ ಪೇಟೆಗಳಲ್ಲಿ ಝಡ್‌ಟಿಎಲ್ ಅಂತ, ಅಂದ್ರೆ ಹೊರಗಿನ ವಾಹನಗಳಿಗೆ ನಿರ್ಬಂಧ ಇರೋ ಏರಿಯಾ ಇರುತ್ತೆ, ಪರ್ಮಿಟ್ ಇಲ್ದೆ ಕಾರು ನುಗ್ಗಿಸಿದ್ರೆ ಕ್ಯಾಮೆರಾ ಹಿಡಿಯುತ್ತೆ, ಫೈನ್ ಎಷ್ಟೋ ತಿಂಗಳಾದ್ಮೇಲೆ ಬರುತ್ತೆ, ಅದ್ರ ಬಗ್ಗೆ ಒಂದ್ ಮಾತೂ ಹೇಳ್ಲಿಲ್ಲ, ಫ್ಲಾರೆನ್ಸ್ ಹೋಟೆಲ್ಲೂ ಅದರೊಳಗೇ ಬುಕ್ ಮಾಡಿದ್ರು. ಸಂಪಾಜೆ ಘಾಟಿ ಓಡಿಸಿದವ್ರಿಗೆ ತಿರುವು ಕಷ್ಟ ಅಲ್ಲ ಬಿಡಿ, ರೋಡಿನ ಬಲಗಡೆ ಓಡಿಸೋದೇ ತಲೆನೋವು. ವೀಸಾಗೆ ಇವ್ರ ಹತ್ರ ಹೋಗಿ, ರೂಟ್ ನೀವೇ ಹಾಕ್ಕೊಳ್ಳಿ.