ಪ್ರೊಸೆಸರ್ ವೇಗಕ್ಕೆ ಮಿತಿ: ಲಿನಕ್ಸ್‌ನಲ್ಲಿ ಯಾವ ಡ್ರೈವರ್ ಮಾತು ಕೇಳುತ್ತದೆ?

ಗಂಟೆಗಟ್ಟಲೆ ನಡೆಯುವ ಕಂಪೈಲ್ ಕೆಲಸದಲ್ಲಿ ಲ್ಯಾಪ್‌ಟಾಪ್ ವಿಪರೀತ ಬಿಸಿಯಾಗದಂತೆ ಪ್ರೊಸೆಸರ್ ವೇಗವನ್ನು 2.6 ಗಿಗಾಹರ್ಟ್ಸ್‌ಗೆ ತಡೆದು ನಿಲ್ಲಿಸುವುದು ನನ್ನ ಉದ್ದೇಶವಾಗಿತ್ತು. ಯಂತ್ರದಲ್ಲಿರುವುದು ಇಂಟೆಲ್ ಕೋರ್ ಐ5-6300ಯು; ಅದರ ಮೂಲ ವೇಗ 2.4 ಗಿಗಾಹರ್ಟ್ಸ್, ಟರ್ಬೊ (ಮೂಲ ವೇಗಕ್ಕಿಂತ ತಾತ್ಕಾಲಿಕವಾಗಿ ಮೇಲೇರುವ ಸೌಲಭ್ಯ) ಗರಿಷ್ಠ 3.0. ಪ್ರೊಸೆಸರ್ ವೇಗವನ್ನು ನಿಯಂತ್ರಿಸುವ ಹಳೆಯ ಎಸಿಪಿಐ-ಸಿಪಿಯುಫ್ರೆಕ್ ಡ್ರೈವರನ್ನೂ 2013ರಲ್ಲಿ ಲಿನಕ್ಸ್‌ನ ತಿರುಳಾದ ಕರ್ನಲ್‌ನ 3.9 ಆವೃತ್ತಿಯೊಂದಿಗೆ ಬಂದ ಇಂಟೆಲ್_ಪಿಸ್ಟೇಟ್ ಡ್ರೈವರನ್ನೂ ಇದಕ್ಕಾಗಿ ಪರೀಕ್ಷಿಸಿದೆ. ಕರ್ನಲ್‌ನ ಸೆಟ್ಟಿಂಗ್‌ಗಳನ್ನು ಕಡತಗಳಾಗಿ ತೋರಿಸುವ ಸಿಸ್‌ಎಫ್‌ಎಸ್‌ನ ಸ್ಕೇಲಿಂಗ್_ಮ್ಯಾಕ್ಸ್_ಫ್ರೆಕ್ ಕಡತ ನಾವು ಕೇಳಿದ ಮಿತಿಯನ್ನಷ್ಟೇ ತೋರಿಸುವುದರಿಂದ, ನಿಜವಾದ ವೇಗವನ್ನು ಅದನ್ನು ಅಳೆಯುವ ಟರ್ಬೊಸ್ಟ್ಯಾಟ್ ಎಂಬ ಉಪಕರಣದಲ್ಲಿ ನೋಡಿದೆ.

ಎಸಿಪಿಐ-ಸಿಪಿಯುಫ್ರೆಕ್ ಈ ಕೆಲಸಕ್ಕೆ ಒದಗಲಿಲ್ಲ. ಅದು ಫರ್ಮ್‌ವೇರ್ (ಯಂತ್ರದೊಳಗೇ ಅಡಕವಾಗಿರುವ ಮೂಲ ತಂತ್ರಾಂಶ) ಕೊಡುವ ವೇಗಗಳ ಪಟ್ಟಿಯನ್ನು ನೆಚ್ಚಿಕೊಂಡಿದೆ. ಆ ಪಟ್ಟಿಯ ತುದಿಯಲ್ಲಿ 2401000, ಅದರ ಕೆಳಗೆ 2400000 ಎಂದು ಕಿಲೋಹರ್ಟ್ಸ್‌ನಲ್ಲಿ ಬರೆದಿರುತ್ತದೆ. ಹೆಚ್ಚುವರಿಯಾಗಿ ಕಾಣುವ ಆ 1 ಮೆಗಾಹರ್ಟ್ಸ್ ನಿಜವಾದ ವೇಗವಲ್ಲ, ಇಡೀ ಟರ್ಬೊ ವ್ಯಾಪ್ತಿಯ ಗುರುತು. ಆದ್ದರಿಂದ ಸ್ಕೇಲಿಂಗ್_ಮ್ಯಾಕ್ಸ್_ಫ್ರೆಕ್‌ಗೆ 2600000 ಎಂದು ಬರೆದರೂ ಟರ್ಬೊ ಪೂರ್ತಿ ತೆರೆದೇ ಇರುತ್ತದೆ, ವೇಗ 2.6ನ್ನು ದಾಟಿಯೇ ಹೋಗುತ್ತದೆ. 2400000 ಬರೆದರೆ ಟರ್ಬೊ ಪೂರ್ತಿ ಮುಚ್ಚುತ್ತದೆ. ನಡುವೆ ನಿಲ್ಲಲು ಜಾಗವೇ ಇಲ್ಲ.

ಇಂಟೆಲ್_ಪಿಸ್ಟೇಟ್ ಟರ್ಬೊ ವ್ಯಾಪ್ತಿಯನ್ನೂ 100 ಮೆಗಾಹರ್ಟ್ಸ್ ಮೆಟ್ಟಿಲುಗಳಲ್ಲಿ ಕಾಣುತ್ತದೆ. ಡ್ರೈವರ್ ತನ್ನದೇ ವಿಧಾನದಲ್ಲಿ ವೇಗ ನಿಭಾಯಿಸುವ ಆಕ್ಟಿವ್ ಮೋಡ್‌ನಲ್ಲಿ ಮಿತಿ ಸರಿಯಾಗಿ 2.6ಕ್ಕೆ ನಿಂತಿತು. ಮಿತಿಯನ್ನು ಶೇಕಡಾವಾರಿನಲ್ಲಿ ಕೇಳುವ ಮ್ಯಾಕ್ಸ್_ಪರ್ಫ್_ಪಿಸಿಟಿ ಕಡತಕ್ಕೆ 85 ಎಂದು ಬರೆದರೂ ಫಲ ಅದೇ, ಏಕೆಂದರೆ 3.0 ಗಿಗಾಹರ್ಟ್ಸ್‌ನ 30 ಮೆಟ್ಟಿಲುಗಳ ಶೇಕಡಾ 85 ಎಂದರೆ 25.5, ಅದನ್ನು ಡ್ರೈವರ್ ಮೇಲಕ್ಕೆ ಎತ್ತಿ 26 ಮಾಡುತ್ತದೆ. ಆದರೆ ಶೇಕಡಾವಾರು ಲೆಕ್ಕ ಎಲ್ಲ ಕೋರ್‌ಗಳಿಗೂ ಒಟ್ಟಾಗಿ ಅನ್ವಯಿಸುವುದರಿಂದಲೂ ಈ ದುಂಡಗಾಗಿಸುವಿಕೆ ಕಣ್ಣಿಗೆ ಬೀಳದಿರುವುದರಿಂದಲೂ ನೇರವಾಗಿ ಕಿಲೋಹರ್ಟ್ಸ್ ಬರೆಯುವುದೇ ನನಗೆ ಹೆಚ್ಚು ಹಿಡಿಸಿತು. ಈ ಮೋಡ್‌ನಲ್ಲಿ ಎಚ್‌ಡಬ್ಲ್ಯುಪಿ (ವೇಗದ ಆಯ್ಕೆಯನ್ನು ಪ್ರೊಸೆಸರ್‌ಗೇ ಬಿಡುವ ಸೌಲಭ್ಯ) ಚಾಲೂ ಇದ್ದರೆ ಕರ್ನಲ್ ಕನಿಷ್ಠ ಮತ್ತು ಗರಿಷ್ಠ ಮಿತಿಗಳನ್ನು ಪ್ರೊಸೆಸರ್‌ನೊಳಗಿನ 0x774 ರಿಜಿಸ್ಟರ್‌ಗೆ ಬರೆಯುತ್ತದೆ. ಆ ಮಿತಿಗಳೊಳಗೆ ಯಾವ ಕ್ಷಣಕ್ಕೆ ಎಷ್ಟು ವೇಗ ಎಂಬುದನ್ನು ಪ್ರೊಸೆಸರೇ ನಿರ್ಧರಿಸುತ್ತದೆ. ಸಿಗುವ ಗವರ್ನರ್‌ಗಳು (ವೇಗ ಆರಿಸುವ ನೀತಿಗಳು) ಪರ್ಫಾರ್ಮೆನ್ಸ್ ಮತ್ತು ಪವರ್‌ಸೇವ್ ಎರಡೇ.

ನನ್ನ ಆಯ್ಕೆ ಇಂಟೆಲ್_ಪಿಸ್ಟೇಟ್‌ನ ಇನ್ನೊಂದು ಮೋಡ್ ಆದ ಪ್ಯಾಸಿವ್ ಮೋಡ್. ಮಿತಿ ಅಷ್ಟೇ ಬಿಗಿಯಾಗಿ ನಿಲ್ಲುತ್ತದೆ. ಜೊತೆಗೆ ಕೆಲಸಗಳನ್ನು ಕೋರ್‌ಗಳಿಗೆ ಹಂಚುವ ಶೆಡ್ಯೂಲರ್‌ನ ಲೆಕ್ಕವನ್ನೇ ಆಧಾರವಾಗಿಸಿಕೊಳ್ಳುವ ಶೆಡ್‌ಯುಟಿಲ್‌ನಂಥ ಸಾಮಾನ್ಯ ಗವರ್ನರ್‌ಗಳೆಲ್ಲ ಸಿಗುತ್ತವೆ. ವೇಗ ಏಕೆ ಏರಿತು, ಏಕೆ ಇಳಿಯಿತು ಎಂಬುದನ್ನು ಕರ್ನಲ್ ಕಡೆಯಿಂದ ಹಿಂಬಾಲಿಸಿ ನೋಡಬಯಸುವವರಿಗೆ ಇದು ದೊಡ್ಡ ಅನುಕೂಲ.

ಯಾವ ಡ್ರೈವರ್ ಇದ್ದರೂ ಬಿಸಿ ನಿಯಂತ್ರಣ ವ್ಯವಸ್ಥೆಯಾಗಲಿ ಫರ್ಮ್‌ವೇರ್ ಆಗಲಿ ತಮ್ಮದೇ ಮಿತಿ ಕೇಳಬಹುದು, ಆಗ ಕರ್ನಲ್ ಎಲ್ಲಕ್ಕಿಂತ ಕಡಿಮೆಯದನ್ನೇ ಎತ್ತಿಹಿಡಿಯುತ್ತದೆ. ಇಂಟೆಲ್_ಪಿಸ್ಟೇಟ್‌ನ ಸ್ಟೇಟಸ್ ಕಡತದ ಮೂಲಕ ಮೋಡ್ ಬದಲಿಸಿದಾಗ ಡ್ರೈವರ್ ಹೊಸದಾಗಿ ನೋಂದಣಿಯಾಗುವುದರಿಂದ ಹಿಂದೆ ಬರೆದ ಮಿತಿ ಅಳಿಸಿಹೋಗುತ್ತದೆ. ಹಾಗಾಗಿ ಬೂಟ್ ಆದಾಗ ಓಡುವ ಸ್ಕ್ರಿಪ್ಟ್‌ನಲ್ಲಿ ಮೊದಲು ಮೋಡ್ ಆರಿಸಿ, ಆಮೇಲೆ ಮಿತಿಯನ್ನು ಬರೆಯಬೇಕು.