ಬೇಸಿಗೆಯ ಕೊನೆಗೆ ಯಾವ ಕೆರೆ? ಸ್ಯಾಂಕಿ, ಹಲಸೂರು, ಜಕ್ಕೂರು

ಮೇ ತಿಂಗಳ ಬೆಂಗಳೂರಿನ ಸಂಜೆಯನ್ನು ನೆಚ್ಚಿಕೊಳ್ಳುವಂತಿಲ್ಲ. ಮಧ್ಯಾಹ್ನವೆಲ್ಲ ಉರಿ, ನಾಲ್ಕಕ್ಕೆ ಮೋಡ, ಐದಕ್ಕೆ ಬಿರುಗಾಳಿ. ಆಮೇಲೆ ಆಲಿಕಲ್ಲು ಬಿದ್ದರೂ ಬಿತ್ತು, ಬರೀ ದೂಳೆದ್ದು ಸುಮ್ಮನಾದರೂ ಆಯಿತು. 2016ರ ಏಪ್ರಿಲ್ 24ರಂದು 39.2 ಡಿಗ್ರಿ ಮುಟ್ಟಿದ ಊರಿದು. ಕೆರೆಯಂಗಳವಿಲ್ಲದೆ ಬೇಸಿಗೆ ಕಳೆಯುವುದು ಕಷ್ಟ. ಮಗಳಿಗೆ ರಜೆ, ಅಮ್ಮನಿಗೆ ಮಂಡಿನೋವು. ಇಬ್ಬರಿಗೂ ಒಗ್ಗುವ ಜಾಗ ಹುಡುಕುತ್ತ ಭರಣಿ ಮಳೆಯಿಂದ ಕೃತ್ತಿಕೆ ಮುಗಿಯುವವರೆಗೆ ಈ ಮೂರು ಕೆರೆಗಳಿಗೆ ಮತ್ತೆ ಮತ್ತೆ ಹೋದೆವು.

ಸ್ಯಾಂಕಿ ಕೆರೆ 1882ರದ್ದು. ನಡೆಯುವ ದಾರಿ ಸಮತಟ್ಟಾಗಿದೆ, ಸುತ್ತ ದೊಡ್ಡ ಮರಗಳಿವೆ, ದಣಿದಲ್ಲಿ ಕೂರಲು ಬೆಂಚುಗಳಿವೆ. ಹಿರಿಯರಿಗೆ ಇದಕ್ಕಿಂತ ಅನುಕೂಲದ ಕೆರೆಯನ್ನು ನಾನು ಕಂಡಿಲ್ಲ. ಆದರೆ ಬೇಸಿಗೆಯ ಕಲ್ಲು ಬೇಗ ಆರುವುದಿಲ್ಲ. ಸಂಜೆ ಆರಕ್ಕೂ ಬೆಂಚು ಕಾವಲಿಯಂತೆ ಕಾದಿತ್ತು. ಅಮ್ಮ ಟವೆಲನ್ನು ನಾಲ್ಕು ಮಡಿಕೆ ಮಾಡಿ ಹಾಸಿಕೊಂಡು ಕುಳಿತರು. ಇನ್ನೊಂದು ಮಾತು: ಗಾಳಿ ಎದ್ದರೆ ಆ ನೆರಳನ್ನೇ ಬಿಟ್ಟು ಹೊರಡಬೇಕು. ಮುಂಗಾರಿಗೆ ಮುಂಚಿನ ಗಾಳಿಗೆ ಮಳೆಮರ, ಗುಲ್‌ಮೊಹರ್‌ಗಳ ಕೊಂಬೆಗಳು ಮುರಿದು ಬೀಳುವುದು ಈ ಊರಿನಲ್ಲಿ ಪ್ರತಿವರ್ಷದ ಸಂಗತಿ. ನಾವು ಎರಡು ಸಲ ಅರ್ಧ ಸುತ್ತಿಗೇ ಹಿಂತಿರುಗಿದೆವು.

ಹಲಸೂರಿನ ಆಕರ್ಷಣೆ ದೋಣಿ. ಬಯಲು ನೀರಿನ ಮೇಲೆ ಮುಖಕ್ಕೆ ಬಡಿಯುವ ಗಾಳಿಗೆ ಮಗಳು ಕುಣಿದಾಡಿದಳು. ಆದರೆ ಬೇಸಿಗೆಯ ಕೊನೆ ಈ ಕೆರೆಗೆ ಒಳ್ಳೆಯ ಕಾಲವಲ್ಲ. ನೀರು ಬಿಸಿಯಾದಷ್ಟೂ ಅದರಲ್ಲಿ ಕರಗುವ ಆಮ್ಲಜನಕ ಕಡಿಮೆ. ಇರುವ ಅಷ್ಟನ್ನೂ ಕೊಳೆಯುತ್ತಿರುವ ಚರಂಡಿ ನೀರು ನುಂಗುತ್ತದೆ. 2016ರ ಮಾರ್ಚ್‌ನಲ್ಲಿ ಇಲ್ಲಿ ಸಾವಿರಾರು ಮೀನು ಸತ್ತು ದಡಕ್ಕೆ ಬಂದಿದ್ದನ್ನು ಮರೆಯಲಾಗದು. ನಾವು ಹೋದ ಎರಡನೆಯ ದಿನ, ಮಳೆ ಬಿದ್ದ ಮರುದಿನ, ವಾಸನೆಗೆ ಮೂಗು ಮುಚ್ಚಿಕೊಂಡೇ ಮರಳಿದೆವು.

ನನ್ನ ಮನಸ್ಸು ನಿಂತಿದ್ದು ಜಕ್ಕೂರಿನಲ್ಲಿ. ಸುಮಾರು 160 ಎಕರೆಯ ಕೆರೆ. ಶುದ್ಧೀಕರಣ ಘಟಕದಿಂದ ಬರುವ ನೀರು ಮೊದಲು ಜೊಂಡು ಬೆಳೆದ ಜೌಗಿನಲ್ಲಿ ಸೋಸಿಕೊಂಡು ಆಮೇಲೆ ಕೆರೆಗೆ ಇಳಿಯುತ್ತದೆ. ಆ ಹರಿವು ವರ್ಷವಿಡೀ ಇರುವುದರಿಂದ, ಮಳೆಯನ್ನೇ ನಂಬಿದ ಕೆರೆಗಳ ತಳ ಬಿರಿದಿರುವ ಮೇ ತಿಂಗಳಲ್ಲೂ ಇಲ್ಲಿ ನೀರು ತುಂಬಿರುತ್ತದೆ. ಬೆಳಗ್ಗೆ ಆರಕ್ಕೆ ಏರಿಯ ಮೇಲೆ ನಿಂತರೆ ಹೆಜ್ಜಾರ್ಲೆಗಳು ಸಾಲಾಗಿ ತೇಲುತ್ತಿರುತ್ತವೆ, ನೀರುಕಾಗೆಗಳು ರೆಕ್ಕೆ ಬಿಚ್ಚಿ ಒಣಗಿಸಿಕೊಳ್ಳುತ್ತಿರುತ್ತವೆ. ಒಂದು ದಿನ ತೆಪ್ಪದಿಂದ ಇಳಿದ ಮೀನುಗಾರರೊಬ್ಬರು ಹೆಬ್ಬೆರಳಿನಿಂದ ಮೀನಿನ ಕಿವಿರು ಎತ್ತಿ ಮಗಳಿಗೆ ತೋರಿಸಿದರು: "ಒಳಗೆ ಕೆಂಪಗಿದೆ ನೋಡು ಪುಟ್ಟಿ, ಹೀಗಿದ್ದರೆ ತಾಜಾ." ಅಂದಿನಿಂದ ಅವಳು ಅಲಾರಾಂ ಇಲ್ಲದೆ ಏಳುತ್ತಾಳೆ.

ಇಲ್ಲಿ ಕೊರತೆಯೂ ಇದೆ. ನೆರಳು ಸಾಲದು, ಎಂಟೂವರೆಯ ಮೇಲೆ ನಿಲ್ಲಲಾಗುವುದಿಲ್ಲ. ಮಳೆ ಬಂದ ಮರುದಿನ ಮಣ್ಣಿನ ದಾರಿ ಜಾರುತ್ತದೆ, ಅಮ್ಮನ ತೋಳು ಹಿಡಿದೇ ನಡೆಸಬೇಕಾಯಿತು.

ಹಾಗಾಗಿ ಬೆಳಗಿಗೆ ಜಕ್ಕೂರು, ಅಮ್ಮನ ಜೊತೆಗಿನ ಸಂಜೆಗೆ ಸ್ಯಾಂಕಿ ಎಂದು ಗೊತ್ತುಮಾಡಿಕೊಂಡಿದ್ದೇವೆ. ಹಲಸೂರಿನ ದೋಣಿಯನ್ನು ಮಳೆಗಾಲ ಕಳೆದ ಮೇಲಕ್ಕೆ ಇಟ್ಟಿದ್ದೇವೆ. ಈ ಭಾನುವಾರ ರೋಹಿಣಿ ಮಳೆ ಬಾರದಿದ್ದರೆ ಐದೂವರೆಗೇ ಜಕ್ಕೂರಿಗೆ. ಅಮ್ಮ ಜಾರದ ಚಪ್ಪಲಿ ತೆಗೆದಿಟ್ಟಾಗಿದೆ.